ಬಸ್ಸಿನ ಸುತ್ತ ಒಂದು ಸುತ್ತು

ಬನ್ನಿ, ಹೊಸಿಲ ಮೇಲೆ ಕೂರಬೇಡಿ, ಗಾಳಿಗೆ ಅಡ್ಡ ಆಗುತ್ತೆ. ಈಚೆ ಬನ್ನಿ. ಆ ಚಾಪೆ ಎಳಕೊಳ್ಳಿ. ಮಂಡಿ ನೋಯೋರು ಕಾಲು ಚಾಚಿ, ನಾನೇನೂ ಅಂದುಕೊಳ್ಳೋದಿಲ್ಲ. ಕೈಲಿರೋ ಫೋನು ಮಗುಚಿ ಇಡಿ. ಹ್ಞಾ, ಈಗ ಕೇಳಿ.

ಕಪಿಲಾ ಹೊಳೆ ಸೀಮೆಯಲ್ಲಿ ಒಬ್ಬರು ಗುರುಗಳಿದ್ದರು. ಹೆಸರು ಚನ್ನಂಜಯ್ಯ. ಹಂಗೆ ಕೇಳಿದರೆ ಯಾರಿಗೂ ಗೊತ್ತಾಗೋದಿಲ್ಲ. ಬಸ್ಸಿನ ಬುದ್ದಿ ಅಂತ ಕೇಳಿ, ದಾರಿ ತೋರಿಸ್ತಾರೆ. ನಮ್ಮ ಕಡೆ ಗುರುಗಳನ್ನ ಬುದ್ದಿ ಅಂತಲೇ ಕರೆಯೋದು.

ಬೇರೆ ಬುದ್ದಿಯೋರ ಮಠಕ್ಕೆ ಗೋಡೆ ಇರುತ್ತೆ. ಇವರ ಮಠಕ್ಕೆ ಆರು ಚಕ್ರ ಇತ್ತು.

ಯಾರೋ ಭಕ್ತರು ಒಂದು ಹಳೇ ಬಸ್ಸು ಕೊಟ್ಟಿದ್ದರು. ಸೀಟೆಲ್ಲ ಕಿತ್ತು ಎರಡು ಮಂಚ, ಒಂದು ಗ್ಯಾಸ್ ಒಲೆ, ಒಂದು ಫ್ಯಾನು, ಒಂದು ಗ್ರೈಂಡರು ಇಟ್ಟಿದ್ದರು. ಬಸ್ಸಿನ ಹೊಟ್ಟೆಯಲ್ಲಿ, ಮೊದಲು ಗಂಟುಮೂಟೆ ತುಂಬುತ್ತಿದ್ದ ಜಾಗದಲ್ಲಿ, ಒಂದು ಪೆಟ್ರೋಲ್ ಜನರೇಟರು.

ಬುದ್ದಿ ತಾವೇ ಬಸ್ಸು ಓಡಿಸೋರು. ಇವತ್ತು ಒಂದು ಹೊಳೆದಂಡೆ, ನಾಳಿದ್ದು ಇನ್ನೊಂದು. ಸಂಜೆ ಆದರೆ ಜನರೇಟರು ಚಾಲೂ ಮಾಡಿ, ನಾಲ್ಕು ದೀಪ ಹಾಕಿ, ಮೈಕು ಇಟ್ಟು ಭಜನೆ.

ಬಸ್ಸಿನಲ್ಲಿ ಅಡುಗೆಗೆ ಚಿಕ್ಕತಾಯಮ್ಮ ಅಂತ ಒಬ್ಬಳಿದ್ದಳು. ಅರವತ್ತು ದಾಟಿತ್ತು. ಬಸ್ಸು ನಿಂತ ಕಡೆ ಒಲೆ ಹೊರಗಿಳಿಸಿ ಅಡುಗೆ ಮಾಡೋಳು. ಕೈ ಮೆತ್ತಗೆ, ಬಾಯಿ ಜೋರು.

ಇನ್ನೊಬ್ಬ ಗುರುಮಲ್ಲ, ಶಿಷ್ಯ. ಮೂವತ್ತು ದಾಟಿದ ಗಂಡಸು. ಬೆಟ್ಟದ ದೇವರ ಪೂಜೆ ಮಾಡೋ ತಮ್ಮಡಿ ಮನೆಯವನು. ಹುಟ್ಟಿದಾಗಿಂದ ಗಂಟೆ, ಕರ್ಪೂರ, ಪ್ರದಕ್ಷಿಣೆ. ಅದರಲ್ಲಿ ಏನೋ ಕಮ್ಮಿ ಅನ್ನಿಸಿ, ಬುದ್ದಿ ಹತ್ತಿರ ಮಂತ್ರ ಕೇಳೋಕೆ ಬಂದಿದ್ದ.

"ಮಂತ್ರ ಕೊಡಿ ಬುದ್ದಿ" ಅಂದ, ಬಂದ ದಿನವೇ.

"ಮೊದಲು ಆ ಮಿಷಿನ್ ಚಾಲೂ ಮಾಡೋದು ಕಲಿ" ಅಂದರು ಬುದ್ದಿ.

ಮೂರು ವರ್ಷ ಆಯಿತು.

ಕಲಿತದ್ದು ಹೆಂಗೆ ಅಂತೀರಾ? ಒಂದೆರಡು ಹೇಳ್ತೀನಿ.

ಒಂದಿನ ಗುರುಮಲ್ಲ ಮಿಷಿನ್ನಿನ ಆಯಿಲ್ ಅಳೆಯೋ ಕಡ್ಡಿ ಎಳೆದು ನೋಡಿದ. "ಆಯಿಲ್ ಇದೆ ಬುದ್ದಿ" ಅಂದ.

ಬುದ್ದಿ ಆ ಕಡ್ಡಿ ಈಸಿಕೊಂಡು, ತಮ್ಮ ಪಂಚೆ ಚುಂಗಿಗೆ ಒರೆಸಿದರು. ಮತ್ತೆ ಅದ್ದಿ ಎಳೆದರು. ಕಡ್ಡಿ ತುದಿ ಮಾತ್ರ ಒದ್ದೆ.

"ಇದೇನು ಬುದ್ದಿ, ಈಗ ಇತ್ತಲ್ಲ!"

"ಆಗ ನೀನು ನೋಡಿದ್ದು ಬಸ್ಸು ಕುಲುಕಿದಾಗ ಮೆತ್ತಿದ್ದು ಕನಪ್ಪ. ಒರೆಸಿ ನೋಡು. ಯಾವುದನ್ನೇ ಆಗಲಿ, ಒರೆಸಿ ನೋಡು."

ಒಲೆ ಹತ್ತಿರದಿಂದ ಚಿಕ್ಕತಾಯಮ್ಮ ಕೂಗಿದಳು. "ಬುದ್ದೀ, ಆ ಪಂಚೆ ಒಗೆಯೋಳು ನಾನು. ಉಪದೇಶ ಬಟ್ಟೆ ಚೂರಲ್ಲಿ ಮಾಡಿ!"

ಇನ್ನೊಂದಿನ. ಗ್ರೈಂಡರಿನ ಸ್ವಿಚ್ಚು ಹಾಕಿದ್ದು ಹಾಕಿದ ಹಂಗೇ ಇತ್ತು. ಫ್ಯಾನು, ದೀಪ, ಮೈಕು ಎಲ್ಲಾ ಹಂಗೇ. ಗುರುಮಲ್ಲ ನೋಡದೆ, ಮಿಷಿನು ಎಬ್ಬಿಸೋ ಹಗ್ಗ ಎಳೆದ. ಮಿಷಿನು ಎದ್ದಿತು, ಗೊರಗೊರ ಅಂದಿತು, ಕೆಮ್ಮಿ ಸತ್ತುಹೋಯಿತು. ಮತ್ತೆ ಎಳೆದ. ಮತ್ತೆ ಸತ್ತಿತು. ಆರು ಸಲ.

"ಹಟಮಾರಿ ಮಿಷಿನು ಬುದ್ದಿ" ಅಂದ.

ಮಾರನೇ ದಿನ ಬೆಳಗ್ಗೆ, ಗುರುಮಲ್ಲ ಇನ್ನೂ ಕಣ್ಣು ಬಿಡೋ ಹೊತ್ತಿಗೆ, ಬುದ್ದಿ ಮೆಲ್ಲಗೆ ಒಂದು ಮೂಟೆ ರಾಗಿ ತಂದು ಅವನ ಎದೆ ಮೇಲೆ ಇಟ್ಟರು.

"ಅಯ್ಯಯ್ಯೋ! ಬುದ್ದಿ! ಎದ್ದು ಕೂರೋಕಾದರೂ ಬಿಡಿ!"

"ಮಿಷಿನ್ನೂ ನಿನ್ನೆ ಇದನ್ನೇ ಅಂತಿತ್ತು" ಅಂದರು ಬುದ್ದಿ. "ಆರು ಸಲ ಅಂತು."

ಅವತ್ತಿಂದ ಗುರುಮಲ್ಲ ಮೊದಲು ಎಲ್ಲಾ ಸ್ವಿಚ್ಚು ಆರಿಸೋನು. ಮಿಷಿನು ಎದ್ದಮೇಲೆ, ಒಂದು ಎಲೆಯಡಿಕೆ ಅಗಿದು ಮುಗಿಸೋವರೆಗೂ ಬರಿದೇ ಓಡಲು ಬಿಡೋನು. ಆಮೇಲೆ ಒಂದು ದೀಪ. ಆಮೇಲೆ ಇನ್ನೊಂದು. ಆಮೇಲೆ ಫ್ಯಾನು. ನಿಲ್ಲಿಸುವಾಗಲೂ ಹಂಗೇ, ಒಂದೊಂದೇ ಭಾರ ಇಳಿಸಿ, ಸ್ವಲ್ಪ ಹೊತ್ತು ಸುಮ್ಮನೆ ಉಸಿರಾಡಲು ಬಿಟ್ಟು. ಪೆಟ್ರೋಲು ಹುಯ್ಯೋದು ಮಿಷಿನು ತಣ್ಣಗಿದ್ದಾಗ ಮಾತ್ರ.

ಕೈಕೆಲಸ ಎಲ್ಲಾ ಬಂತು. ಒಂದು ಮಾತ್ರ ಅವನಿಗೆ ಸಿಕ್ಕಿರಲಿಲ್ಲ.

ದಿನಾ ಸಂಜೆ, ಹಗ್ಗ ಎಳೆಯೋಕೆ ಮುಂಚೆ, ಬುದ್ದಿ ಬಸ್ಸಿನ ಸುತ್ತ ಒಂದು ಸುತ್ತು ಬರೋರು. ಮೆಲ್ಲಗೆ, ಒಬ್ಬರೇ. ತುಟಿ ಅಲ್ಲಾಡುತ್ತಿತ್ತು. ಸದ್ದು ಬರುತ್ತಿರಲಿಲ್ಲ.

ಗುರುಮಲ್ಲ ದೂರದಲ್ಲಿ ಕೈ ಕಟ್ಟಿ ನಿಂತು ನೋಡೋನು. ಗುರುಗಳು ಜಪ ಮಾಡುವಾಗ ಹತ್ತಿರ ಹೋಗಬಾರದು ಅಂತ ಅವನ ಮನೆಯಲ್ಲಿ ಹೇಳಿಕೊಟ್ಟಿದ್ದರು.

"ಆ ಮಂತ್ರ ನನಗೂ ಕೊಡಿ ಬುದ್ದಿ" ಅಂತ ಒಂದಿನ ಕಾಲು ಹಿಡಿದ.

"ಮೂರು ವರ್ಷದಿಂದ ನೋಡ್ತಿದ್ದೀಯಲ್ಲ."

"ನೋಡ್ತಿದ್ದೀನಿ ಬುದ್ದಿ."

"ಏನನ್ನ?"

"ನಿಮ್ಮನ್ನ."

ಬುದ್ದಿ ಅವನ ತಲೆ ಸವರಿದರು. "ನನ್ನನ್ನ ನೋಡಿದೆ. ನಾನು ಏನು ನೋಡ್ತೀನಿ ಅಂತ ನೋಡಲಿಲ್ಲ" ಅಂದು ಎದ್ದು ಹೋದರು.

ಗುರುಮಲ್ಲನಿಗೆ ಅರ್ಥ ಆಗಲಿಲ್ಲ. ಚಿಕ್ಕತಾಯಮ್ಮನ್ನ ಕೇಳಿದ. "ಅವ್ವಾ, ಅದೇನು ಹಂಗಂದರೆ?"

"ನನ್ನ ಕೇಳಬೇಡ. ನಾನು ಸಾರಿಗೆ ಉಪ್ಪು ಹಾಕಿದ್ದೀನೋ ಇಲ್ಲವೋ ಅನ್ನೋದೇ ನನಗೆ ನೆನಪಿಲ್ಲ. ಹೋಗು, ನೀರು ತಾ."

ಹಿಂಗಿರುವಾಗ ಒಂದಿನ ಬಸ್ಸು ಹೊಳೆದಂಡೆ ಒಂದರಲ್ಲಿ ನಿಂತಿತ್ತು. ಸಂಜೆ ಭಜನೆ. ಆಚೆ ದಡದಲ್ಲಿ ತಂಬೂರಿ ರಾಚಯ್ಯ ಅಂತ ಒಬ್ಬ ಮುದುಕ ಇದ್ದ. ಕಣ್ಣು ಮಂಜು, ಒಬ್ಬನೇ ಬರಲಾರ. ಅವನನ್ನ ಕರಕೊಂಡು ಬರೋಕೆ ಬುದ್ದಿ ತೆಪ್ಪ ಹತ್ತಿದರು.

ಹತ್ತೋಕೆ ಮುಂಚೆ ಸೊಂಟದಿಂದ ಮಿಷಿನ್ ಗೂಡಿನ ಬೀಗದ ಕೈ ತೆಗೆದು ಗುರುಮಲ್ಲನ ಕೈಗೆ ಇಟ್ಟರು.

"ಹೊತ್ತು ಇಳಿಯೋ ಮುಂಚೆ ಮಿಷಿನ್ ಚಾಲೂ ಮಾಡು. ತೆಪ್ಪದಿಂದ ನನಗೆ ದೀಪ ಕಾಣಬೇಕು. ಸರಿಯಾಗಿ ಮಾಡಿದರೆ ಈ ಬೀಗದ ಕೈ ನಿನ್ನ ಸೊಂಟದಲ್ಲೇ ಇರಲಿ."

"ಮಂತ್ರ ಬುದ್ದಿ?"

"ಅದೂ ಕೊಡ್ತೀನಿ."

ಅವನ ಸಂತೋಷ ಕೇಳ್ತೀರಾ! ಚಿಕ್ಕತಾಯಮ್ಮ ಹೊಳೆಯಲ್ಲಿ ಬಟ್ಟೆ ಒಗೀತಿದ್ದಳು. ಓಡಿಹೋಗಿ ಹೇಳಿದ. "ಅವ್ವಾ, ಇವತ್ತು ಬುದ್ದಿ ಇಲ್ಲದೆ ನಾನೊಬ್ಬನೇ ಚಾಲೂ ಮಾಡೋದು! ಮಂತ್ರನೂ ಇವತ್ತೇ!"

"ಸರಿ, ಆ ಸಂತೋಷದಲ್ಲಿ ನನ್ನ ಬಟ್ಟೆ ತುಳೀಬೇಡ" ಅಂದಳು.

ಗುರುಮಲ್ಲ ಮೇಲುಗಡೆ ಮಡುವಿಗೆ ಹೋಗಿ ಸ್ನಾನ ಮಾಡಿದ. ನಿಧಾನವಾಗಿ, ಮೂರು ಮುಳುಗು. ಒದ್ದೆ ಪಂಚೆ ಹಿಂಡಿ ಉಟ್ಟು, ಹಣೆ, ತೋಳಿಗೆಲ್ಲ ವಿಭೂತಿ ಹಚ್ಚಿಕೊಂಡ. ಅಷ್ಟು ಹೊತ್ತಿನಲ್ಲಿ ಇಲ್ಲಿ ಎರಡು ಸಂಗತಿ ಆಗಿತ್ತು, ಅವನಿಗೆ ಗೊತ್ತಿಲ್ಲ.

ಒಂದು, ಊರಿನವರು ಭಜನೆಗೆ ಕೂರೋಕೆ ಅಂತ ಬತ್ತದ ಹುಲ್ಲು ಹೊತ್ತು ತಂದು, ಬಸ್ಸಿನ ಆಚೆ ಮಗ್ಗುಲಿಗೆ ಒಟ್ಟಿ ಹೋಗಿದ್ದರು. ಮಿಷಿನ್ನಿನ ಹೊಗೆ ಪೈಪು ಬಾಯಿ ಬಿಡೋದು ಅದೇ ಮಗ್ಗುಲಿಗೆ.

ಇನ್ನೊಂದು, ಚಿಕ್ಕತಾಯಮ್ಮನಿಗೆ ನೀರಲ್ಲಿ ನಿಂತೂ ನಿಂತೂ ಚಳಿ ಹತ್ತಿತು. ಅರ್ಧ ಬಟ್ಟೆ ಬಂಡೆ ಮೇಲೇ ಬಿಟ್ಟು ಬಂದು, ಬಸ್ಸು ಹತ್ತಿ, ಗಾಳಿ ಬರುತ್ತೆ ಅಂತ ಕಿಟಕಿ ಎಲ್ಲಾ ಎಳೆದು, ಬಾಗಿಲು ಹಾಕಿಕೊಂಡು, ಕೌದಿ ಹೊದ್ದು ಮಲಗಿದಳು.

ಗುರುಮಲ್ಲ ಬಂದ. ಆಯಿಲ್ ಕಡ್ಡಿ ಎಳೆದ, ಒರೆಸಿದ, ಮತ್ತೆ ಅದ್ದಿ ನೋಡಿದ. ಸರಿ ಇದೆ. ಬಟ್ಟೆ ಚೂರಲ್ಲೇ ಒರೆಸಿದ, ಪಂಚೆಗಲ್ಲ. ಪೆಟ್ರೋಲು ಸೋಸಿ ಹುಯ್ದ. ಮುಚ್ಚಳ ಬಿಗಿ ಮಾಡಿದ. ಚೆಲ್ಲಿದ ನಾಲ್ಕು ಹನಿ ಒರೆಸಿ, ಒಣಗೋವರೆಗೂ ಕಾದ. ಜನರೇಟರಿನ ಪಕ್ಕದಲ್ಲೇ ಇದ್ದ ದೊಡ್ಡ ಸ್ವಿಚ್ಚು ಆರಿಸಿದ. ಅದೊಂದು ಆರಿಸಿದರೆ ಬಸ್ಸಿನೊಳಗಿನ ಭಾರ ಎಲ್ಲಾ ಇಳಿದ ಹಂಗೆ. ಒಳಗೆ ಹೋಗೋ ಕೆಲಸವೇ ಬೀಳಲಿಲ್ಲ.

ಆಮೇಲೆ ಸುತ್ತು.

ತಮ್ಮಡಿ ಮನೆ ಮಗ ಅಲ್ಲವೇ? ಕೈ ಜೋಡಿಸಿದ. ಕಣ್ಣು ಮುಚ್ಚಿದ. ಬುದ್ದಿ ಒಂದು ಸುತ್ತು ಬಂದರೆ, ನಾನು ಮೂರು ಬರ್ತೀನಿ ಅಂತ ಹೊರಟ.

ಒಂದನೇ ಸುತ್ತಲ್ಲಿ ಬೇರು ಎಡವಿದ. ಕಣ್ಣು ಬಿಡಲಿಲ್ಲ. ಎರಡನೇ ಸುತ್ತಲ್ಲಿ ಭುಜಕ್ಕೆ ಹುಲ್ಲು ತಾಗಿತು. ದೇವರೇ ಮುಟ್ಟಿದ ಹಂಗಾಯಿತು ಅವನಿಗೆ. ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡ. ಮೂರನೇ ಸುತ್ತಲ್ಲಿ ಬಾಗಿಲ ಹತ್ತಿರ ಕಾಲಿಗೆ ಒಂದು ಚಪ್ಪಲಿ ಸಿಕ್ಕಿತು. ಮೈಲಿಗೆ ಅಂತ ಪಕ್ಕಕ್ಕೆ ಸರಿಸಿ ಮುಂದಕ್ಕೆ ಹೋದ.

ಹಗ್ಗ ಎಳೆದ. ಒಂದೇ ಎಳೆತ! ಮಿಷಿನು ಎದ್ದು ಹಾಡಿತು.

ಎಲೆಯಡಿಕೆ ಅಗಿದು ಮುಗಿಸಿದ. ದೊಡ್ಡ ಸ್ವಿಚ್ಚು ಹಾಕಿದ. ಹೊರಗಿನ ದೀಪ ಒಂದೊಂದಾಗಿ ನಾಲ್ಕೂ ಹತ್ತಿಸಿದ. ಸೂರ್ಯ ಇನ್ನೂ ಪೂರ್ತಿ ಮುಳುಗಿರಲಿಲ್ಲ. ಹೊಳೆ ಮಧ್ಯದಲ್ಲಿ ತೆಪ್ಪ ಕಾಣಿಸುತ್ತಿತ್ತು.

ಗುರುಮಲ್ಲ ದಡದಲ್ಲಿ ಕೂತ. ಮನಸ್ಸು ತುಂಬಿತ್ತು. ಎಷ್ಟು ನೆಮ್ಮದಿ ಇವತ್ತು ಅಂದುಕೊಂಡ.

ಯಾಕಿಷ್ಟು ನೆಮ್ಮದಿ?

ದಿನಾ ಮಿಷಿನು ಚಾಲೂ ಆದ ಕೂಡಲೇ ಚಿಕ್ಕತಾಯಮ್ಮ ಕೂಗೋಳು. "ಲೋ ಗುರುಮಲ್ಲ, ಆ ರಾಕ್ಷಸನ್ನ ಎಬ್ಬಿಸಿಬಿಟ್ಟೆಯಾ? ನನ್ನ ಕಿವಿ ಹೋಯ್ತು ಕನೋ!" ಮೂರು ವರ್ಷದಲ್ಲಿ ಒಂದಿನ ತಪ್ಪಿದ್ದಿಲ್ಲ. ಹೊಳೆ ಹತ್ತಿರ ಇದ್ದರೆ ಹೊಳೆಯಿಂದಲೇ ಕೂಗೋಳು.

ಇವತ್ತು ಬೈಗುಳ ಬರಲಿಲ್ಲ.

ಗುರುಮಲ್ಲ ಬಂಡೆ ಕಡೆ ನೋಡಿದ. ಅರ್ಧ ಬಟ್ಟೆ ಬಿದ್ದಿದೆ. ಆಳಿಲ್ಲ.

ಬಸ್ಸಿನ ಕಡೆ ನೋಡಿದ. ಬಾಗಿಲ ಪಕ್ಕದಲ್ಲಿ ಚಪ್ಪಲಿ. ಆಗ ಕಾಲಲ್ಲಿ ಸರಿಸಿದನಲ್ಲ, ಅದು.

"ಅವ್ವಾ!"

ಓಡಿದ. ಒಂದೊಂದೇ ಭಾರ ಇಳಿಸಬೇಕು, ಉಸಿರಾಡಲು ಬಿಡಬೇಕು ಅನ್ನೋದೆಲ್ಲ ಮರೆತ. ಒಂದೇ ಏಟಿಗೆ ಮಿಷಿನು ನಿಲ್ಲಿಸಿದ. ನಾಲ್ಕು ದೀಪವೂ ಆರಿತು. ಬಾಗಿಲು ಎಳೆದ. ಒಳಗಿಂದ ಬಿಸಿ ಹೊಗೆ ವಾಸನೆ ಮುಖಕ್ಕೆ ರಾಚಿತು. ಹುಲ್ಲಿಗೆ ತಡೆದ ಹೊಗೆ ಬಸ್ಸಿನ ಅಡಿಗೆ ತಿರುಗಿ, ನೆಲದ ಹಲಗೆ ಸಂದಿಯಿಂದ ಒಳಗೆ ಏರಿತ್ತು.

ಉಸಿರು ಬಿಗಿಹಿಡಿದು ನುಗ್ಗಿದ. ಕೌದಿ ಸಮೇತ ಎತ್ತಿಕೊಂಡು ಹೊರಗೆ ಬಂದ. ಹೊಳೆ ಗಾಳಿ ಬೀಸೋ ಕಡೆ, ಮರಳ ಮೇಲೆ ಮಲಗಿಸಿದ. ಅವಳ ಕತ್ತು ಕೂಸಿನ ಕತ್ತಿನ ಹಂಗೆ ವಾಲುತ್ತಿತ್ತು.

"ಅವ್ವಾ. ಬೈಯವ್ವ. ಒಂದು ಸಲ ಬೈಯವ್ವ."

ಊರಿನವರು ಓಡಿ ಬಂದರು. ಗುರುಮಲ್ಲ ಅವಳ ಕೈ ಉಜ್ಜಿದ, ಕಾಲು ಉಜ್ಜಿದ. ಅಳುತ್ತಾ ಇದ್ದ, ಉಜ್ಜುತ್ತಾ ಇದ್ದ.

ಎಷ್ಟೋ ಹೊತ್ತಾದ ಮೇಲೆ ಅವಳು ಒಂದು ಸಲ ಕೆಮ್ಮಿದಳು. ಮಗ್ಗುಲಾಗಿ ವಾಂತಿ ಮಾಡಿಕೊಂಡಳು. ಕಣ್ಣು ಅರ್ಧ ಬಿಟ್ಟು ಅವನನ್ನ ನೋಡಿದಳು.

"ಲೋ... ಒದ್ದೆ ಪಂಚೆಯಲ್ಲಿ ಯಾಕೋ ಮುಟ್ಟಿದೆ ನನ್ನ... ಚಳಿ ಕನೋ..."

ಅಷ್ಟರಲ್ಲಿ ತೆಪ್ಪ ದಡಕ್ಕೆ ಬಂತು. ಬುದ್ದಿ ಇಳಿದವರೇ ಅವಳ ನಾಡಿ ಹಿಡಿದರು. ಗುರುಮಲ್ಲನ ಮುಖ ನೋಡಿದರು.

"ಆಟೋ ಕರೆಯಿರಿ. ಗುರುಮಲ್ಲ, ನೀನು ಜೊತೆಗೆ ಹೋಗು. ಕೈ ಬಿಡಬೇಡ."

ಆಸ್ಪತ್ರೆಯಲ್ಲಿ ಮೂಗಿಗೆ ಗಾಳಿ ಹಾಕಿದರು. ಡಾಕ್ಟರಮ್ಮ ಹೇಳಿದಳಂತೆ, "ಈ ಹೊಗೆಯಲ್ಲಿ ಕಣ್ಣಿಗೆ ಕಾಣದ್ದು, ಮೂಗಿಗೆ ಸಿಗದ್ದು ಒಂದಿದೆ. ಅದು ನಿದ್ದೆ ಥರ ಬಂದು ಕೂರುತ್ತೆ. ಇನ್ನು ಸ್ವಲ್ಪ ಹೊತ್ತಾಗಿದ್ದರೆ ಎಬ್ಬಿಸೋಕೆ ಆಗ್ತಿರಲಿಲ್ಲ" ಅಂತ.

ಎರಡನೇ ದಿನ ಮಧ್ಯಾಹ್ನ ಚಿಕ್ಕತಾಯಮ್ಮ ವಾಪಸ್ಸು ಬಂದಳು. ಬಂದವಳು ಮೊದಲು ಕೇಳಿದ್ದು, "ಬಂಡೆ ಮೇಲಿನ ನನ್ನ ಬಟ್ಟೆ ಎಲ್ಲಿ?"

ಗುರುಮಲ್ಲ ಮಾತ್ರ ಬಸ್ಸು ಹತ್ತಲಿಲ್ಲ. ಬೀಗದ ಕೈ ತೆಗೆದು ಬುದ್ದಿಯ ಪಾದದ ಹತ್ತಿರ ಇಟ್ಟ.

"ನಾನು ಊರಿಗೆ ಹೋಗ್ತೀನಿ ಬುದ್ದಿ. ನನಗೆ ಮಂತ್ರ ಬೇಡ. ಅದಕ್ಕೆ ನಾನು ಯೋಗ್ಯ ಅಲ್ಲ."

"ಸರಿ" ಅಂದರು ಬುದ್ದಿ. "ಹೋಗೋನು ನನ್ನ ಜೊತೆ ಒಂದು ಸುತ್ತು ಬಂದು ಹೋಗು."

ಮೂರು ವರ್ಷದಲ್ಲಿ ಮೊದಲ ಸಲ ಗುರುಮಲ್ಲ ಆ ಸುತ್ತಿನಲ್ಲಿ ಅವರ ಪಕ್ಕ ನಡೆದ.

ಬುದ್ದಿ ಕಣ್ಣು ಮುಚ್ಚಲಿಲ್ಲ. ನೆಲ ನೋಡಿದರು, ಆಯಿಲ್ ತೊಟ್ಟಿಕ್ಕಿದೆಯಾ ಅಂತ. ಬಗ್ಗಿ ಪೈಪಿನ ಬಾಯಿ ನೋಡಿದರು. ಅದರ ಮುಂದೆ ಕೈ ಚಾಚಿ, ಗೋಡೆ, ದಿಬ್ಬ, ಹುಲ್ಲು, ಬಟ್ಟೆ ಏನೂ ಇಲ್ಲ ಅಂತ ಗಾಳಿ ಮುಟ್ಟಿ ನೋಡಿದರು. ಮೂಗು ಅರಳಿಸಿ ಪೆಟ್ರೋಲ್ ವಾಸನೆ ಇದೆಯಾ, ಗ್ಯಾಸ್ ವಾಸನೆ ಇದೆಯಾ ಅಂತ ನಿಂತರು. ಮುಚ್ಚಿದ್ದ ಒಂದು ಕಿಟಕಿ ತಳ್ಳಿ ತೆಗೆದರು. ಬಾಗಿಲ ಹತ್ತಿರ ಚಪ್ಪಲಿ ನೋಡಿದರು. ತಲೆ ಒಳಗೆ ಹಾಕಿ ಮಂಚ ನೋಡಿದರು.

ತುಟಿ ಅಲ್ಲಾಡುತ್ತಲೇ ಇತ್ತು. ಪಕ್ಕದಲ್ಲಿ ಇದ್ದನಲ್ಲ, ಈಗ ಕೇಳಿಸಿತು.

"ಚಿಕ್ಕತಾಯಿ, ಒಲೆ ಹತ್ತಿರ. ಗುರುಮಲ್ಲ, ನನ್ನ ಪಕ್ಕ. ರಾಚಯ್ಯ, ಮರದ ಕೆಳಗೆ..."

ಗುರುಮಲ್ಲ ನಿಂತುಬಿಟ್ಟ. "ಬುದ್ದಿ, ಇದೇನಾ ಮಂತ್ರ?"

"ಇದೇ."

"ಬರೀ ನಮ್ಮ ಹೆಸರು!"

"ಇನ್ನೇನಿರಬೇಕಿತ್ತಪ್ಪ?"

"ಮೂರು ವರ್ಷದಿಂದ ನನ್ನ ಹೆಸರೂ ಇದರಲ್ಲಿತ್ತಾ?"

"ದಿನಾ ಎರಡನೇದು. ಮೊದಲನೇದು ಅವಳದು. ಇಲ್ಲದಿದ್ದರೆ ಊಟಕ್ಕೆ ಇಕ್ಕೋದಿಲ್ಲ."

"ಕೇಳಿಸ್ತು ಬುದ್ದಿ!" ಅಂದಳು ಒಲೆ ಹತ್ತಿರದಿಂದ.

ಗುರುಮಲ್ಲ ಅಲ್ಲೇ ಬಸ್ಸಿನ ಚಕ್ರಕ್ಕೆ ಒರಗಿ ಕೂತು, ಕೂಸಿನ ಹಂಗೆ ಅತ್ತ. ಬುದ್ದಿ ಪಕ್ಕದಲ್ಲೇ ಕೂತರು. ಅಳು ಮುಗಿದ ಮೇಲೆ ಬೀಗದ ಕೈ ತಂದು ಅವನ ಸೊಂಟಕ್ಕೆ ಸಿಕ್ಕಿಸಿದರು.

"ಬುದ್ದಿ, ನಾನು ಮಾಡಿದ್ದೆಲ್ಲ ತಪ್ಪು."

"ದೀಪ ಹತ್ತಿಸಿದೆಯಲ್ಲ, ಅದಕ್ಕೆ ಕೊಡ್ತಿಲ್ಲ" ಅಂದರು. "ಆರಿಸಿದೆಯಲ್ಲ, ಅದಕ್ಕೆ."

ಆಮೇಲೆ ಯಾರು ಯಾರು ಏನಾದರು ಅಂತ ಹೇಳಿಬಿಡ್ತೀನಿ, ಇಲ್ಲದಿದ್ದರೆ ನೀವು ಎದ್ದು ಹೋಗೋದಿಲ್ಲ.

ತಂಬೂರಿ ರಾಚಯ್ಯ ಆಚೆ ದಡಕ್ಕೆ ವಾಪಸ್ಸು ಹೋಗಲೇ ಇಲ್ಲ. ಬಸ್ಸಿನಲ್ಲೇ ಉಳಿದ. ಸಾಯೋವರೆಗೂ ಒಂದೇ ಮಾತು ಹೇಳಿಕೊಂಡು ತಿರುಗಿದ. "ನನಗೆ ಕಣ್ಣು ಮಂಜು, ಆದರೂ ಅವತ್ತು ದೀಪ ಹತ್ತಿದ್ದು ಕಾಣಿಸ್ತು. ಬುದ್ದಿ ನಕ್ಕರು. ದೀಪ ಆರಿತು. ಬುದ್ದಿ ಎದ್ದು ನಿಂತುಬಿಟ್ಟರು. ಅಯ್ಯಾ, ತೆಪ್ಪದಲ್ಲಿ ಯಾರಾದರೂ ಎದ್ದು ನಿಲ್ತಾರಾ? ನಾನೂ ಮುಳುಗ್ತಿದ್ದೆ!"

ಹುಲ್ಲು ಒಟ್ಟಿದ ಊರಿನವರು, ಆಮೇಲಿಂದ ಬಸ್ಸು ಬಂದರೆ ಹುಲ್ಲು ಹೊತ್ತುಕೊಂಡೇ ನಿಂತು "ಎಲ್ಲಿ ಇಳಿಸಲಿ?" ಅಂತ ಕೇಳೋರು.

ಚಿಕ್ಕತಾಯಮ್ಮ ಇನ್ನೂ ಒಂಬತ್ತು ವರ್ಷ ಬದುಕಿದಳು. ಒಂಬತ್ತು ವರ್ಷವೂ ಮಿಷಿನು ಚಾಲೂ ಆದ ಕೂಡಲೇ ಬೈದಳು. ಗುರುಮಲ್ಲ ಬೈಗುಳ ಬರೋವರೆಗೂ ದೀಪ ಹಾಕುತ್ತಿರಲಿಲ್ಲ. ಹೋಗೋವಾಗ ಅವನ ತೊಡೆ ಮೇಲೆ ತಲೆ ಇಟ್ಟೇ ಹೋದಳು, "ನಿನ್ನ ಪಂಚೆ ಇವತ್ತಾದರೂ ಒಣಗಿದೆ" ಅಂತ ಹೇಳಿ.

ಆ ಜನರೇಟರು ಸವೆದು, ಬೇರೆಯದು ಬಂತು. ಹೊಸದಕ್ಕೆ ಹಗ್ಗ ಇಲ್ಲ, ಗುಂಡಿ ಒತ್ತಿದರೆ ಏಳುತ್ತೆ. ಸುತ್ತು ಮಾತ್ರ ಅದಕ್ಕೂ ಇತ್ತು.

ಗುರುಮಲ್ಲ ಈಗ ಬಸ್ಸು ಓಡಿಸ್ತಾನೆ. ತಲೆ ನೆರೆತಿದೆ. ಜನ ಅವನನ್ನೂ ಬುದ್ದಿ ಅಂತಾರೆ, ಅವನಿಗೆ ನಾಚಿಕೆ. ಸಂಜೆ ಸುತ್ತು ಬರುವಾಗ ಇವತ್ತಿಗೂ ಮೊದಲು "ಚಿಕ್ಕತಾಯಿ" ಅಂತಾನೆ. ಅಂದು, ಒಂದು ಗಳಿಗೆ ನಿಲ್ತಾನೆ. ಆಮೇಲೆ ಮುಂದಿನ ಹೆಸರು.

ಇನ್ನು ಬುದ್ದಿ. ಅವರಿಗೆ ಎಂಬತ್ತು ದಾಟಿ, ಕಾಲು ಸೋತು, ಮುಂದಿನ ಮಂಚವೇ ಅವರ ಮಠ ಆಗಿತ್ತು. ದಿನಾ ಸಂಜೆ ಗುರುಮಲ್ಲ ಸುತ್ತು ಬಂದು, ಪೈಪು ನೋಡಿ, ಕಿಟಕಿ ತೆಗೆದು, ಕಡೆಗೆ ಬಾಗಿಲಲ್ಲಿ ನಿಂತು, ಒಳಗಿದ್ದೀರಾ ಅಂತ ಕೇಳೋನು. ಅವರನ್ನ ಎತ್ತಿ ತಂದು ಮರದ ಕೆಳಗೆ ಕೂರಿಸಿದ ಮೇಲೇ ಮಿಷಿನು.

ಅವರ ಕೊನೇ ಸಂಜೆಯೂ ಹಂಗೇ. ಹೊಳೆ ಮೇಲೆ ಇನ್ನೂ ಬಿಸಿಲಿತ್ತು. ಗುರುಮಲ್ಲ ಸುತ್ತು ಮುಗಿಸಿ, ಬಾಗಿಲಿಗೆ ಬಂದು, ತಲೆ ಒಳಗೆ ಹಾಕಿದ.

"ಬುದ್ದಿ, ಒಳಗಿದ್ದೀರಾ?"

"ಇದ್ದೀನಿ ಕನಪ್ಪ. ತಡಿ, ಇಳೀತೀನಿ."